ಬೇರೆ ಬೇರೆ ಕಚೇರಿಗಳ ತಂತ್ರಾಂಶಗಳ ಹೊಂದಾಣಿಕೆ: ಹಿಡುವಳಿದಾರರು ತಿಳಿಯತಕ್ಕ ವಿಷಯಗಳು

ಸೇಡಂ, ಚಿತ್ತಾಪುರ, ಶಹಾಬಾದ ಮತ್ತು ಚಿಂಚೋಳಿ ತಾಲೂಕುಗಳ ರೈತನು ಒಂದು ಎಕರೆ ತೊಗರಿಯನ್ನು ಬೆಳೆದು ಮಾರುವಷ್ಟರಲ್ಲಿ ಎಷ್ಟು ಕಚೇರಿಗಳ ಲೆಕ್ಕದಲ್ಲಿ ಸೇರಿರುತ್ತಾನೆಂಬುದನ್ನು ಎಣಿಸಿ ನೋಡಿದರೆ ಯಾರಿಗಾದರೂ ಆಶ್ಚರ್ಯವಾಗದೆ ಇರದು. ಅವನ ಪಹಣಿಯು ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಲ್ಲಿರುವುದು, ಕ್ರಯಪತ್ರವು ನೋಂದಣಿ ಇಲಾಖೆಯ ‘ಕಾವೇರಿ’ಯಲ್ಲಿ, ಅಳತೆಯ ನಕ್ಷೆಯು ‘ಮೋಜಿಣಿ’ಯಲ್ಲಿ, ರೈತನೆಂಬ ಗುರುತು ‘ಫ್ರೂಟ್ಸ್’ನಲ್ಲಿ, ಬೆಳೆಯ ವಿಮೆಯು ‘ಸಂರಕ್ಷಣೆ’ಯಲ್ಲಿ, ನಿಂತ ಬೆಳೆಯ ಚಿತ್ರವು ಬೆಳೆ ಸಮೀಕ್ಷೆಯ ಆಪ್‌ನಲ್ಲಿ, ಸಾಲದ ಲೆಕ್ಕವು ಬ್ಯಾಂಕಿನಲ್ಲಿ. ಇವೆಲ್ಲವೂ ಒಂದೇ ಹೊಲವನ್ನು ಕುರಿತು ಹೇಳುವವು. ಇವುಗಳ ಮಾತು ಒಂದಾದರೆ ಹಣವು ರೈತನ ಖಾತೆಯನ್ನು ಸೇರುವುದು. ಮಾತು ಎರಡಾದರೆ ಅರ್ಜಿಯು ನಡುವೆಯೇ ನಿಲ್ಲುವುದು. ಆದುದರಿಂದ ಈ ತಂತ್ರಾಂಶಗಳು ಒಂದರೊಡನೊಂದು ಹೇಗೆ ವ್ಯವಹರಿಸುತ್ತವೆಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಅರಿತಿರುವುದು ಅವಶ್ಯಕವಾಗಿದೆ.

ವಾಡಿ ಮತ್ತು ಹೊಟಗಿಯ ದೃಷ್ಟಾಂತ

ಈ ವಿಷಯಕ್ಕೆ ನಮ್ಮ ಸೀಮೆಯಲ್ಲಿಯೇ ಒಳ್ಳೆಯ ದೃಷ್ಟಾಂತವುಂಟು. 1874ರಲ್ಲಿ ಸಿಕಂದರಾಬಾದಿನಿಂದ ಬಂದ ನಿಜಾಮ ಸಂಸ್ಥಾನದ ರೈಲುದಾರಿಯು ವಾಡಿಯಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಮುಂಬಯಿ–ರಾಯಚೂರು ದಾರಿಯನ್ನು ಕೂಡಿತು. ಎರಡರ ಒಡೆತನವು ಬೇರೆ, ಲೆಕ್ಕಪತ್ರಗಳು ಬೇರೆ. ಆದರೂ ಹಳಿಗಳ ನಡುವಣ ಅಂತರವು ಎರಡು ಕಡೆಯಲ್ಲಿಯೂ 5 ಅಡಿ 6 ಅಂಗುಲವಾಗಿದ್ದುದರಿಂದ ಒಂದು ದಾರಿಯ ವ್ಯಾಗನ್ನು ಇನ್ನೊಂದು ದಾರಿಯ ಮೇಲೆ ಸರಾಗವಾಗಿ ಸಾಗಬಹುದಾಗಿತ್ತು. ಇದೇ ಮುಖ್ಯಮಾರ್ಗದಲ್ಲಿ ಸೊಲ್ಲಾಪುರದ ಸಮೀಪದ ಹೊಟಗಿಯ ಸ್ಥಿತಿಯು ಹೀಗಿರಲಿಲ್ಲ. ಗದಗದಿಂದ ಅಲ್ಲಿಗೆ ಬರುತ್ತಿದ್ದ ದಾರಿಯು ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ಅಲ್ಲಿ ಒಂದು ಗಾಡಿಯ ಸರಕನ್ನು ಇಳಿಸಿ ಮತ್ತೊಂದಕ್ಕೆ ಹೇರಬೇಕಾಗಿತ್ತು. ಇಳಿಸಿ ಹೇರುವಲ್ಲಿ ಕಾಲವೂ ಕೂಲಿಯೂ ವ್ಯಯವಾಗುವುದಲ್ಲದೆ ಚೀಲ ಹರಿಯುವ, ಲೆಕ್ಕ ತಪ್ಪುವ ಸಂಭವವೂ ಉಂಟು.

ತಂತ್ರಾಂಶಗಳ ನಡುವಣ ಸಂಬಂಧವೂ ಇಂಥದೇ. ಪ್ರತಿಯೊಂದು ಇಲಾಖೆಯು ತನ್ನ ಎಂಜಿನನ್ನು ತನಗೆ ಬೇಕಾದಂತೆ ಕಟ್ಟಿಕೊಳ್ಳಬಹುದು. ಕೂಡುವ ಸ್ಥಳದಲ್ಲಿ ಮಾತ್ರ ಹಳಿಯ ಅಳತೆಯು ಒಂದಾಗಿರತಕ್ಕದ್ದು. ಅಳತೆಯು ಒಂದಾಗದ ಕಡೆ ಗುಮಾಸ್ತರು ಒಂದು ಪರದೆಯನ್ನು ನೋಡಿ ಮತ್ತೊಂದರಲ್ಲಿ ಕೈಯಿಂದ ತುಂಬಬೇಕಾಗುವುದು. ಇದೇ ಇಂದಿನ ಹೊಟಗಿ.

ತಂತ್ರಾಂಶಗಳು ಬೇರೆ ಬೇರೆಯಾದುದೇಕೆ?

ಇವು ಒಂದೇ ದಿನ ಒಂದೇ ಕೈಯಿಂದ ಹುಟ್ಟಿದುವಲ್ಲ. 2000ನೆಯ ಇಸವಿಯ ಸುಮಾರಿಗೆ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ‘ಭೂಮಿ’ಯನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ವಿಂಡೋಸ್ ನೆಲೆಯ ಮೇಲೆ ವಿಷುವಲ್ ಬೇಸಿಕ್ ಎಂಬ ಭಾಷೆಯಲ್ಲಿ ರಚಿಸಿದರು. 2003ರಲ್ಲಿ ಬಂದ ‘ಕಾವೇರಿ’ಯನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆಯು ರಚಿಸಿತು, ಅದರ ಎರಡನೆಯ ರೂಪವು 2023ರಲ್ಲಿ ಬಳಕೆಗೆ ಬಂದಿತು. ಬೆಳೆ ಸಮೀಕ್ಷೆಯ ಆಪ್ ಕೈಫೋನಿನ ಆಂಡ್ರಾಯ್ಡ್ ನೆಲೆಯ ಮೇಲೆ ನಡೆಯುವುದು. ಬ್ಯಾಂಕುಗಳ ತಂತ್ರಾಂಶಗಳಂತೂ ಬೇರೆಯೇ. ಇವೆಲ್ಲವನ್ನೂ ಕೆಡವಿ ಒಂದನ್ನೇ ಕಟ್ಟುವುದು ಅಶಕ್ಯವಾದುದು. ಕಟ್ಟಿದರೂ ಅದರ ಒಂದು ಮೂಲೆಯಲ್ಲಿ ಕೆಟ್ಟರೆ ಎಲ್ಲ ಕಚೇರಿಗಳೂ ಒಟ್ಟಿಗೆ ನಿಲ್ಲುವುವು. ಆದುದರಿಂದ ಅವುಗಳನ್ನು ಇದ್ದಂತೆಯೇ ಇರಿಸಿ, ನಡುವೆ ವ್ಯವಹಾರವನ್ನು ಏರ್ಪಡಿಸುವುದೇ ಯುಕ್ತವಾದ ಮಾರ್ಗ.

ವ್ಯವಹಾರವು ನಡೆಯುವ ಕ್ರಮ

ಪ್ರತಿಯೊಂದು ತಂತ್ರಾಂಶವೂ ಹೊರಗಿನವರಿಗಾಗಿ ಒಂದು ಕಿಟಕಿಯನ್ನು ತೆರೆದಿಡುತ್ತದೆ. ಇದಕ್ಕೆ ಎ.ಪಿ.ಐ. ಎಂದು ಹೆಸರು. ಕಚೇರಿಯ ಕಿಟಕಿಯಲ್ಲಿ ಗೊತ್ತಾದ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಗೊತ್ತಾದ ನಮೂನೆಯಲ್ಲಿ ನಕಲು ದೊರೆಯುವಂತೆಯೇ ಇದೂ ಕೆಲಸಮಾಡುವುದು. ಒಳಗೆ ಯಾವ ಬೀರು, ಯಾವ ಗುಮಾಸ್ತ ಎಂಬುದನ್ನು ಕೇಳುವವನು ತಿಳಿಯಬೇಕಾಗಿಲ್ಲ. ಉದಾಹರಣೆಗೆ, ರೈತನನ್ನು ನೋಂದಾಯಿಸಿಕೊಳ್ಳುವಾಗ ‘ಫ್ರೂಟ್ಸ್’ ತಂತ್ರಾಂಶವು ಗ್ರಾಮದ ಸಂಕೇತವನ್ನೂ ಸರ್ವೆ ನಂಬರನ್ನೂ ಕೊಟ್ಟು ‘ಭೂಮಿ’ಯನ್ನು ಕೇಳುತ್ತದೆ, ‘ಭೂಮಿ’ಯು ಖಾತೆದಾರನ ಹೆಸರನ್ನೂ ವಿಸ್ತೀರ್ಣವನ್ನೂ ತಿಳಿಸುತ್ತದೆ. ಕ್ರಯಪತ್ರವು ನೋಂದಣಿಯಾದೊಡನೆ ‘ಕಾವೇರಿ’ಯಿಂದ ‘ಭೂಮಿ’ಗೆ ಸಮಾಚಾರವು ಹೋಗಿ ಖಾತೆ ಬದಲಾವಣೆಯ ಕಾರ್ಯವು ಮೊದಲಾಗುತ್ತದೆ. ಬೆಳೆಸಾಲದ ಭಾರವು ಪಹಣಿಯ 11ನೆಯ ಕಾಲಮಿಗೆ ಸೇರುವುದೂ ಇದೇ ರೀತಿಯ ವ್ಯವಹಾರದಿಂದಲೇ.

ಕೇಳುವ ತಂತ್ರಾಂಶ ಯಾವ ಭಾಷೆಯಲ್ಲಿ ರಚಿತವಾಗಿದೆ, ಹೇಳುವ ತಂತ್ರಾಂಶ ಯಾವುದರಲ್ಲಿ ಎಂಬುದು ಇಲ್ಲಿ ಮುಖ್ಯವಲ್ಲ. ಸಮಾಚಾರವು ಎಕ್ಸ್.ಎಂ.ಎಲ್. ಅಥವಾ ಜೇಸನ್ ಎಂಬ ಸರ್ವಸಾಮಾನ್ಯವಾದ ಬರವಣಿಗೆಯ ಕ್ರಮದಲ್ಲಿ ಸಾಗುವುದರಿಂದ ಎರಡು ಪಕ್ಷದವರಿಗೂ ಅದು ಓದಲು ಬರುವುದು.

ಒಂದಾಗಿರಬೇಕಾದ ನಾಲ್ಕು ಅಳತೆಗಳು

ಬರವಣಿಗೆಯ ಕ್ರಮವು ಒಂದಾದ ಮಾತ್ರಕ್ಕೆ ಅರ್ಥವೂ ಒಂದಾಗುವುದೆಂದು ತಿಳಿಯಬಾರದು. ನಾಲ್ಕು ವಿಷಯಗಳಲ್ಲಿ ವಿಶೇಷವಾದ ಎಚ್ಚರಿಕೆಯು ಬೇಕು.

ಮೊದಲನೆಯದು ಲಿಪಿ. ಗಣಕಯಂತ್ರಕ್ಕೆ ಅಕ್ಷರಗಳು ತಿಳಿಯವು. ಸಂಖ್ಯೆಗಳು ಮಾತ್ರ ತಿಳಿಯುವುವು. ಹಿಂದೆ ಒಂದೊಂದು ಕನ್ನಡ ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಖ್ಯೆಗಳನ್ನು ಕೊಟ್ಟಿದ್ದಿತು. ಒಂದರಲ್ಲಿ ಬರೆದುದು ಮತ್ತೊಂದರಲ್ಲಿ ಗೊಂದಲದ ಗೆರೆಗಳಾಗಿ ಕಾಣುತ್ತಿತ್ತು. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ. ‘ಕ’ ಎಂಬುದಕ್ಕೆ 3221.

ಎರಡನೆಯದು ಹೆಸರು. ಪಹಣಿಯಲ್ಲಿ ‘ಮಲ್ಲಣ್ಣ’ ಎಂದು ಕನ್ನಡದಲ್ಲಿಯೂ, ಬ್ಯಾಂಕಿನಲ್ಲಿ ‘ಮಲ್ಲಿಕಾರ್ಜುನ’ ಎಂದು ಇಂಗ್ಲಿಷಿನಲ್ಲಿಯೂ ಇದ್ದರೆ ಊರವರಿಗೆ ಅವನೊಬ್ಬನೇ, ಯಂತ್ರಕ್ಕೆ ಇಬ್ಬರು. ಆದುದರಿಂದಲೇ ರೈತನಿಗೆ ಎಫ್.ಐ.ಡಿ. ಎಂಬ ಒಂದೇ ಗುರುತಿನ ಸಂಖ್ಯೆಯನ್ನೂ, ದೇಶದ ಪ್ರತಿಯೊಂದು ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆಯನ್ನೂ ಕೊಡಲಾಗಿದೆ. ಹೆಸರುಗಳ ಬರವಣಿಗೆಯು ಬದಲಾಗಬಹುದು. ಗುಲಬರ್ಗಾ ಎಂಬುದು 2014ರಲ್ಲಿ ಕಲಬುರಗಿಯಾಯಿತು. ಸಂಖ್ಯೆಯು ಒಂದೇ ಆಗಿದ್ದರೆ ಇಂಥ ಬದಲಾವಣೆಯಿಂದ ಸಂಬಂಧವು ಕಡಿದುಹೋಗದು.

ಮೂರನೆಯದು ವಿಸ್ತೀರ್ಣ. ನಮ್ಮ ಪಹಣಿಯಲ್ಲಿ 3 ಎಕರೆ 20 ಗುಂಟೆಯನ್ನು 3.20 ಎಂದು ಬರೆಯುವ ರೂಢಿಯುಂಟು. ಎಕರೆಗೆ 40 ಗುಂಟೆಯಾದುದರಿಂದ ಇದು ಮೂರೂವರೆ ಎಕರೆ, ಎಂದರೆ ಸುಮಾರು 1.42 ಹೆಕ್ಟೇರ್. ಹೆಕ್ಟೇರ್ ಲೆಕ್ಕದ ತಂತ್ರಾಂಶವೊಂದು ಅದನ್ನು ದಶಾಂಶವೆಂದು ಭಾವಿಸಿದರೆ 1.29 ಹೆಕ್ಟೇರ್ ಎಂದೇ ಗುಣಿಸುವುದು. ರೈತನ 12 ಗುಂಟೆ ನೆಲವು ಲೆಕ್ಕದಲ್ಲಿ ಮಾಯವಾಗುವುದು. ಯಂತ್ರವು ಇದನ್ನು ತಪ್ಪೆಂದು ತಿಳಿಯದು, 3.20 ಎಂಬುದು ಅದಕ್ಕೆ ಶುದ್ಧವಾದ ಸಂಖ್ಯೆಯೇ. ಆದುದರಿಂದ ಸಮಾಚಾರದಲ್ಲಿ ಎಕರೆಯನ್ನೂ ಗುಂಟೆಯನ್ನೂ ಬೇರೆ ಬೇರೆ ಮನೆಗಳಲ್ಲಿ ಬರೆಯುವುದು ಕ್ಷೇಮಕರ.

ನಾಲ್ಕನೆಯದು ಬೆಳೆ. ನಮ್ಮ ಜಿಲ್ಲೆಗೆ ಇದೇ ಎಲ್ಲಕ್ಕಿಂತ ಮುಖ್ಯ. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ತೊಗರಿಯನ್ನು ನಮ್ಮವರು ಉದ್ದು, ಹೆಸರುಕಾಳುಗಳೊಡನೆ ಮಿಶ್ರವಾಗಿ ಬಿತ್ತುವುದು ವಾಡಿಕೆ. ವಿಮೆಯ ಪಟ್ಟಿಯಲ್ಲಿಯಾದರೋ ಮಳೆಯಾಶ್ರಿತ ತೊಗರಿಯೂ ನೀರಾವರಿ ತೊಗರಿಯೂ ಬೇರೆ ಬೇರೆ ಬೆಳೆಗಳು. ರೈತನು ತೊಗರಿಗೆ ವಿಮೆ ಕಟ್ಟಿದ್ದು, ಸಮೀಕ್ಷೆಗೆ ಬಂದವರು ಅದೇ ಸರ್ವೆ ನಂಬರಿನಲ್ಲಿ ಉದ್ದನ್ನು ಮಾತ್ರ ದಾಖಲಿಸಿದ್ದರೆ, ಎರಡು ತಂತ್ರಾಂಶಗಳೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿ, ಬೆಳೆಯು ಹೊಂದುವುದಿಲ್ಲವೆಂಬ ಒಂದೇ ಕಾರಣದಿಂದ ಅವನ ವಿಮೆಯು ತಿರಸ್ಕೃತವಾಗಬಹುದು. ಕಂತು ಕಟ್ಟಿದ್ದೂ ಸತ್ಯ, ಬೆಳೆಯು ಹಾಳಾದದ್ದೂ ಸತ್ಯ. ಆದರೂ ಪರಿಹಾರವು ಬಾರದು.

ಯಂತ್ರದಿಂದ ಆಗದ ಕಾರ್ಯ

ತಂತ್ರಾಂಶಗಳ ಹೊಂದಾಣಿಕೆಯು ಸಮಾಚಾರವನ್ನು ಶೀಘ್ರವಾಗಿ ಸಾಗಿಸುವುದೇ ಹೊರತು ತಿದ್ದುವುದಿಲ್ಲ. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರಿದ್ದರೆ ಆ ಹೆಸರೇ ಎಲ್ಲ ಕಚೇರಿಗಳಿಗೂ ಕ್ಷಣಮಾತ್ರದಲ್ಲಿ ತಲುಪುವುದು. ಹಿಂದೆ ಒಂದು ಕಚೇರಿಯ ತಪ್ಪು ಆ ಕಚೇರಿಯಲ್ಲಿಯೇ ಉಳಿಯುತ್ತಿತ್ತು. ಈಗ ಅದು ಊರೂರು ತಿರುಗುವುದು. 2023ರ ಬರಗಾಲದ ಪರಿಹಾರವನ್ನು ‘ಫ್ರೂಟ್ಸ್’ ದಾಖಲೆಗಳ ಆಧಾರದಿಂದಲೇ ರೈತರ ಖಾತೆಗಳಿಗೆ ಜಮೆಮಾಡಲಾಯಿತು. ಆ ದಾಖಲೆಯಲ್ಲಿ ಸೇರದೆ ಉಳಿದ ಸರ್ವೆ ನಂಬರು ಇಂಥ ಸಮಯದಲ್ಲಿ ಇದ್ದೂ ಇಲ್ಲದಂತೆಯೇ. ಆದುದರಿಂದ ಮೂಲದಲ್ಲಿ ತಿದ್ದುವ ಕಾರ್ಯವು ಮನುಷ್ಯರದೇ, ಅದರಲ್ಲಿಯೂ ಊರಿನ ಹೊಲಗದ್ದೆಗಳನ್ನು ಕಣ್ಣಾರೆ ಬಲ್ಲವರದೇ ಆಗಿದೆ.

ಮುಖಂಡರೂ ಹಿಡುವಳಿದಾರರೂ ಮಾಡತಕ್ಕ ಕಾರ್ಯಗಳು

1. ಮುಂಗಾರಿಗೆ ಮುಂಚೆ ಪಹಣಿಯ ನಕಲನ್ನು ತೆಗೆಸಿ ಹೆಸರು, ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣಗಳನ್ನು ಓದಿಸಿ ನೋಡತಕ್ಕದ್ದು. ಖಾತೆದಾರನು ತೀರಿಹೋಗಿದ್ದರೆ ಪೌತಿ ಖಾತೆಗೆ ತಡಮಾಡದೆ ಅರ್ಜಿ ಕೊಡತಕ್ಕದ್ದು.

2. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಎಫ್.ಐ.ಡಿ.ಯಲ್ಲಿ ತಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ವಿಚಾರಿಸತಕ್ಕದ್ದು. ಕೊಂಡ ಹೊಲವೂ ಪಾಲಿಗೆ ಬಂದ ಹೊಲವೂ ತಾವಾಗಿಯೇ ಸೇರುವುವೆಂದು ನಂಬಿ ಕೂಡಬಾರದು.

3. ಬ್ಯಾಂಕಿನ ಖಾತೆ ಮತ್ತು ಆಧಾರಿನಲ್ಲಿರುವ ಹೆಸರುಗಳ ಬರವಣಿಗೆಯನ್ನು ಒಂದೇ ತೆರನಾಗಿ ಮಾಡಿಸಿಕೊಳ್ಳತಕ್ಕದ್ದು.

4. ಬಿತ್ತಿದ ಬೆಳೆಯನ್ನೇ ವಿಮೆಯ ಅರ್ಜಿಯಲ್ಲಿ ಬರೆಸಿ, ಮಳೆಯಾಶ್ರಿತವೋ ನೀರಾವರಿಯೋ ಎಂಬುದನ್ನು ಸ್ಪಷ್ಟಪಡಿಸಿ, ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

5. ಬೆಳೆ ಸಮೀಕ್ಷೆಯ ದಿನ ಹೊಲದಲ್ಲಿ ಹಾಜರಿದ್ದು ಮಿಶ್ರಬೆಳೆಗಳೆಲ್ಲವನ್ನೂ ದಾಖಲಿಸಿಸತಕ್ಕದ್ದು. ತಪ್ಪು ಕಂಡರೆ ಗೊತ್ತುಪಡಿಸಿದ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸತಕ್ಕದ್ದು.

ಊರಿನ ಮುಖಂಡರು ವರ್ಷಕ್ಕೊಂದು ದಿನ ಚಾವಡಿಯಲ್ಲಿ ರೈತರನ್ನು ಕೂಡಿಸಿ, ಪಹಣಿ, ಎಫ್.ಐ.ಡಿ., ವಿಮೆಯ ರಸೀದಿ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಿದರೆ ಅನೇಕ ತೊಂದರೆಗಳು ತಲೆದೋರುವ ಮೊದಲೇ ತೀರುವುವು. ಓದು ಬಾರದ ವೃದ್ಧರಿಗೂ, ಒಬ್ಬಂಟಿಗಳಾದ ಹೆಣ್ಣುಮಕ್ಕಳಿಗೂ ಈ ಸಹಾಯವು ಮೊದಲು ದೊರೆಯಬೇಕಾದುದು. ವಾಡಿಯಲ್ಲಿ ಹಳಿಗಳು ಕೂಡಿದುದು ಒಂದೇ ಅಳತೆಯಿಂದ. ಕಚೇರಿಗಳು ಕೂಡುವುದೂ ಹಾಗೆಯೇ. ಆ ಅಳತೆಯು ಮೊದಲು ನಮ್ಮ ನಮ್ಮ ಕಾಗದಗಳಲ್ಲಿ ಸರಿಯಾಗಿರಲಿ.