ಊರಿಗೆ ಹೊರಡುವ ಮುನ್ನ ಜಾಕ್‌ನತ್ತಲೂ ಒಂದು ನೋಟವಿರಲಿ

ಮುಂಬಯಿ: ಚೌತಿಗೆಂದೋ ಮೇ ರಜೆಗೆಂದೋ ಸ್ವಂತ ವಾಹನದಲ್ಲಿ ಊರಿಗೆ ಹೊರಡುವ ತುಳು-ಕನ್ನಡಿಗರು ಬ್ರೇಕ್, ಟಯರ್, ಬ್ಯಾಟರಿ ಎಲ್ಲವನ್ನೂ ನೋಡಿಸುತ್ತಾರೆ. ಸೀಟಿನಡಿಯ ಜಾಕ್ ನೆನಪಾಗುವುದು ಮಾತ್ರ ಕೊಂಕಣದ ಘಾಟಿಯಲ್ಲಿ ಟಯರ್ ಪಂಕ್ಚರ್ ಆದ ಮೇಲೆಯೇ!

ಸಣ್ಣ ಕಾರಿನೊಂದಿಗೆ ಸಾಮಾನ್ಯವಾಗಿ ಬರುವುದು ಸ್ಕ್ರೂ ಜಾಕ್. ಜೀಪು, ಟೆಂಪೋ, ಹೋಟೆಲು-ಕೇಟರಿಂಗ್‌ನವರ ಸಾಮಾನಿನ ಗಾಡಿಗಳಲ್ಲಿ ಹೆಚ್ಚಾಗಿ ಬಾಟಲಿಯಾಕಾರದ ಹೈಡ್ರಾಲಿಕ್ ಜಾಕ್ ಇರುತ್ತದೆ. ಇದರ ಶಕ್ತಿಯೆಲ್ಲ ಒಳಗಿನ ಎಣ್ಣೆಯದು. ಸಣ್ಣ ಪಿಸ್ಟನ್ ಒತ್ತಿದ ಎಣ್ಣೆ ದೊಡ್ಡ ಪಿಸ್ಟನನ್ನು ಮೇಲೆತ್ತುತ್ತದೆ. ದೊಡ್ಡದರ ವಿಸ್ತೀರ್ಣ 10 ಪಟ್ಟಿದ್ದರೆ ಬಲವೂ 10 ಪಟ್ಟು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್‌ನ ತತ್ತ್ವವೂ ಇದೇ.

ಹಿಡಿಕೆ ಎಷ್ಟು ಒತ್ತಿದರೂ ಜಾಕ್ ಏಳದಿದ್ದರೆ ಮೊದಲು ರಿಲೀಸ್ ವಾಲ್ವ್ ಬಿಗಿಯಾಗಿದೆಯೇ ನೋಡಬೇಕು. ಅರ್ಧಕ್ಕೇ ನಿಂತರೆ ಎಣ್ಣೆ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು. ಸ್ಪಂಜಿನಂತೆ ಕುಸಿದು ಏಳುತ್ತಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಭಾರವಿಲ್ಲದಾಗ ರಿಲೀಸ್ ವಾಲ್ವ್ ಸಡಿಲಿಸಿ ಹತ್ತಾರು ಬಾರಿ ಪಂಪ್ ಮಾಡಿದರೆ ಗಾಳಿ ಹೊರಟುಹೋಗುತ್ತದೆ. ಎಣ್ಣೆ ತುಂಬುವಾಗ ಪಿಸ್ಟನ್ ಪೂರ್ತಿ ಕೆಳಗಿರಬೇಕು. ಹಾಕಬೇಕಾದ್ದು ಹೈಡ್ರಾಲಿಕ್ ಜಾಕ್ ಎಣ್ಣೆಯನ್ನೇ. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿಯುವ ಚಾಳಿ ಹಲವರಿಗಿದೆ. ಅದರಿಂದ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ನಾಲ್ಕು ಕಾಸು ಉಳಿಸಲು ಹೋಗಿ ಜಾಕನ್ನೇ ಕಳೆದುಕೊಂಡಂತೆ.

ಎತ್ತಿದ ಗಾಡಿ ಮೆಲ್ಲಮೆಲ್ಲನೆ ಇಳಿಯತೊಡಗಿದರೆ ಅದನ್ನು ಹಗುರವಾಗಿ ಪರಿಗಣಿಸಲೇಬಾರದು. ವಾಲ್ವ್‌ನಲ್ಲಿ ಕಸ ಸಿಕ್ಕಿರಬಹುದು, ಸೀಲು ಸವೆದಿರಬಹುದು. ಅಂಥ ಜಾಕ್ ರಿಪೇರಿಯಾಗುವವರೆಗೆ ಬಳಕೆಗಿಲ್ಲ. ಜಾಕ್ ಹೊಸದೇ ಇರಲಿ, ಅದು ಗಾಡಿಯನ್ನು ಎತ್ತಲು ಮಾತ್ರ. ಹೊತ್ತು ನಿಲ್ಲಲು ಸ್ಟ್ಯಾಂಡ್ ಬೇಕು. ಬರೀ ಜಾಕ್ ನಂಬಿ ಗಾಡಿಯಡಿ ನುಸುಳುವುದೆಂದರೆ ಒಂದು ರಬ್ಬರ್ ಬಳೆಯ ಮೇಲೆ ಜೀವ ಇಟ್ಟಂತೆ. ಅವಸರದಲ್ಲಿ ಈ ತಪ್ಪು ಮಾಡುವವರು ಹೊಸಬರಷ್ಟೇ ಅಲ್ಲ, ಅನುಭವಿ ಚಾಲಕರೂ ಹೌದು.

ಜಾಕನ್ನು ಪಿಸ್ಟನ್ ಇಳಿಸಿ, ವಾಲ್ವ್ ಮುಚ್ಚಿ, ನೆಟ್ಟಗೆ ನಿಲ್ಲಿಸಿಡಬೇಕು. ಮಲಗಿಸಿದರೆ ಎಣ್ಣೆ ಸೋರಿ ಗಾಳಿ ಸೇರಬಹುದು. ಮಳೆಗಾಲದಲ್ಲಿ ಹೊರಡುವವರು ಜತೆಗೊಂದು ದಪ್ಪ ಹಲಗೆಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ರಸ್ತೆಬದಿಯ ಒದ್ದೆ ಕೆಂಪು ಮಣ್ಣಿನಲ್ಲಿ ಗಾಡಿ ಮೇಲೇಳುವ ಬದಲು ಜಾಕೇ ಹೂತುಹೋಗುತ್ತದೆ.