ಹಗುರ ಲ್ಯಾಪ್‌ಟಾಪ್: ತೂಗಬೇಕಾದ್ದು ಮೂರು ಸಲ

ಪರೀಕ್ಷೆಯ ಫಲಿತಾಂಶ ಬಂದು ಕಾಲೇಜಿನ ಪ್ರವೇಶ ಮುಗಿಯುವ ಹೊತ್ತಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ಏಳುತ್ತದೆ. ಮಗನೋ ಮಗಳೋ ಲ್ಯಾಪ್‌ಟಾಪ್ ಬೇಕೆನ್ನುತ್ತಾರೆ. ‘ಯಾವುದು ಕೊಡಿಸೋದು ಮೇಷ್ಟ್ರೇ?’ ಎಂದು ತಂದೆ ಪರಿಚಯದ ಮೇಷ್ಟರನ್ನು ಕೇಳುತ್ತಾರೆ. ಮಕ್ಕಳ ಉತ್ತರ ಮಾತ್ರ ಮೊದಲೇ ಸಿದ್ಧ: ‘ಹಗುರವಾಗಿರೋದು, ತೆಳ್ಳಗಿರೋದು!’

ಈ ಬೇಡಿಕೆ ಬರೀ ಶೋಕಿಯದು ಎಂದು ತಳ್ಳಿಹಾಕುವಂತಿಲ್ಲ. ಈ ನಾಲ್ಕು ತಾಲ್ಲೂಕುಗಳು ಸೇರಿದ್ದೇ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಆದರೆ ಮೇಲಿನ ಓದಿಗೆ ಅನೇಕರು ತುಮಕೂರಿನ ಬಸ್ಸು ಹಿಡಿಯಬೇಕು. ಕೊರಟಗೆರೆಯಿಂದ ತುಮಕೂರಿಗೆ ಸುಮಾರು 26 ಕಿಲೋಮೀಟರ್, ಮಧುಗಿರಿಯಿಂದ ಸುಮಾರು 43, ಶಿರಾದಿಂದ ಸುಮಾರು 50, ಪಾವಗಡದಿಂದ ನೂರರ ಆಸುಪಾಸು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಆದರೆ ನಿಂತುಕೊಂಡು ಹೋಗುವಾಗ ಹೆಗಲ ಮೇಲಿನ ಚೀಲದ ಚಿಂತೆ ತಪ್ಪಲಿಲ್ಲ.

ಹಾಗಾದರೆ ‘ಹಗುರ’ ಎಂಬುದನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ಡಬ್ಬಿಯ ಮೇಲೆ ಅಚ್ಚಾದ ಗ್ರಾಂ ಲೆಕ್ಕವನ್ನಷ್ಟೇ ನಂಬಿದರೆ ಸಾಲದು. ಲ್ಯಾಪ್‌ಟಾಪನ್ನು ಮೂರು ಸಲ ತೂಗಬೇಕು: ಒಮ್ಮೆ ಚೀಲದಲ್ಲಿ, ಒಮ್ಮೆ ದಿನಚರಿಯಲ್ಲಿ, ಒಮ್ಮೆ ಮನೆಯ ಆದಾಯದಲ್ಲಿ. ಮೂರರಲ್ಲೂ ಹಗುರವಾದದ್ದೇ ನಿಜವಾಗಿ ಹಗುರ.

ಮೊದಲು, ಬೇಕೇ?

ತೂಗುವ ಮುನ್ನ ಒಂದು ಮಾತು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಓದುವ ಮಕ್ಕಳಿಗೆ ಸ್ವಂತ ಲ್ಯಾಪ್‌ಟಾಪ್ ಅತ್ಯಗತ್ಯವೇನಲ್ಲ. ಪಾಠ ಕೇಳಲು, ಹಳೆಯ ಪ್ರಶ್ನೆಪತ್ರಿಕೆ ನೋಡಲು ಮನೆಯ ಮೊಬೈಲು, ಶಾಲೆ ಕಾಲೇಜಿನ ಕಂಪ್ಯೂಟರು ಸಾಕಾಗುತ್ತವೆ. ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಸೇರಿದವರಿಗೆ, ಪ್ರಾಜೆಕ್ಟ್ ವರದಿ ಬರೆಯುವ ಪದವಿ ವಿದ್ಯಾರ್ಥಿಗಳಿಗೆ ಮಾತ್ರ ಅದು ದಿನಬಳಕೆಯ ಉಪಕರಣ. ಯಂತ್ರಗಳ, ಕಟ್ಟಡಗಳ ನಕ್ಷೆ ಬಿಡಿಸುವ ತಂತ್ರಾಂಶಗಳಿಗೆ ಹೆಚ್ಚು ಶಕ್ತಿಯ, ಹೆಚ್ಚು ತೂಕದ ಯಂತ್ರ ಬೇಕಾಗಬಹುದು. ಅಂಥ ಕೋರ್ಸಿಗೆ ಸೇರಿದವರು ಮೊದಲು ತಮ್ಮ ವಿಭಾಗದ ಅಧ್ಯಾಪಕರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಲಿ. ಪ್ರವೇಶ ಸಿಕ್ಕಿದ ಸಂಭ್ರಮದಲ್ಲೇ ಕೊಳ್ಳಬೇಕಾದ ಅವಸರವಿಲ್ಲ. ಮೊದಲ ತಿಂಗಳ ತರಗತಿ ಕಳೆದರೆ ಏನು ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಚೀಲದ ತೂಕ

1981ರಲ್ಲಿ ಅಮೆರಿಕದಲ್ಲಿ ‘ಆಸ್ಬೋರ್ನ್ 1’ ಎಂಬ ಕಂಪ್ಯೂಟರ್ ಮಾರುಕಟ್ಟೆಗೆ ಬಂತು. ಕೈಯಲ್ಲಿ ಹಿಡಿದು ಒಯ್ಯಬಹುದೆಂಬುದೇ ಅದರ ಹೆಗ್ಗಳಿಕೆ. ತೂಕವಾದರೋ ಸುಮಾರು 11 ಕಿಲೋ, ಪರದೆ ಬರೀ 5 ಅಂಗುಲ! 2008ರಲ್ಲಿ ಆಪಲ್ ಕಂಪನಿಯ ಮೊದಲ ‘ಮ್ಯಾಕ್‌ಬುಕ್ ಏರ್’ ಬಂದಾಗ ಅದರ ತೂಕ 1.36 ಕಿಲೋಗೆ ಇಳಿದಿತ್ತು. ಅಂದಿನಿಂದ ತೆಳ್ಳಗಿನ ಲ್ಯಾಪ್‌ಟಾಪುಗಳದ್ದೇ ಭರಾಟೆ. ಈಗ ಸಿಗುವ 14 ಅಂಗುಲದ ಸಾಮಾನ್ಯ ಲ್ಯಾಪ್‌ಟಾಪ್ ಸುಮಾರು 1.3ರಿಂದ 1.5 ಕಿಲೋ, 15.6 ಅಂಗುಲದ್ದು ಸುಮಾರು 1.6ರಿಂದ 1.8 ಕಿಲೋ ತೂಗುತ್ತದೆ. ಆಟಗಳಿಗೆಂದು ಮಾಡಿದ ಯಂತ್ರಗಳು ಎರಡು ಕಿಲೋ ದಾಟುತ್ತವೆ. ಇಲ್ಲಿ ಅಂಗುಲವೆಂದರೆ ಪರದೆಯ ಅಗಲವಲ್ಲ, ಮೂಲೆಯಿಂದ ಮೂಲೆಗೆ ಅಳೆದ ಕರ್ಣ.

ಎಷ್ಟು ತೂಕ ಹೊರಬಹುದು? ಕರ್ನಾಟಕ ಸರ್ಕಾರ 2019ರಲ್ಲಿ ಶಾಲಾ ಮಕ್ಕಳ ಚೀಲದ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ಚೀಲದ ತೂಕ ಮಗುವಿನ ತೂಕದ ಶೇಕಡ 10ನ್ನು ಮೀರಬಾರದು, 9 ಮತ್ತು 10ನೇ ತರಗತಿಯವರಿಗೆ 4ರಿಂದ 5 ಕಿಲೋ ಮಿತಿ ಎಂಬುದು ಅದರ ಸಾರ. ಇದು ಶಾಲೆಗಳಿಗೆ ಹಾಕಿದ ಮಿತಿ. ಆದರೆ ಪಿಯುಸಿ ಮುಗಿಸಿದ ಕೂಡಲೇ ಬೆನ್ನೇನೂ ಉಕ್ಕಿನದಾಗುವುದಿಲ್ಲವಷ್ಟೆ! ಇದೇ ಅಳತೆಯನ್ನು ಕಾಲೇಜಿನವರಿಗೂ ಹಿಡಿದು ನೋಡೋಣ.

45 ಕಿಲೋ ತೂಕದ ಒಬ್ಬ ವಿದ್ಯಾರ್ಥಿನಿ ಪಾವಗಡದಿಂದ ಹೊರಡುತ್ತಾಳೆಂದು ಇಟ್ಟುಕೊಳ್ಳಿ. ಆಕೆಯ ಚೀಲ 4.5 ಕಿಲೋ ಮೀರಬಾರದು. ಪುಸ್ತಕ, ನೋಟ್‌ಬುಕ್ಕು ಒಂದು ಕಿಲೋ. ಊಟದ ಡಬ್ಬಿ ಅರ್ಧ ಕಿಲೋ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ಶುದ್ಧ ನೀರನ್ನು ಮನೆಯಿಂದಲೇ ಒಯ್ಯುವವರಿಗೆ ಬಾಟಲಿ ಬಿಡಿ ಎನ್ನುವಂತಿಲ್ಲ. ಒಟ್ಟು ಎರಡೂವರೆ ಕಿಲೋ ಆಯಿತು. ಉಳಿದದ್ದು ಎರಡೇ ಕಿಲೋ. ಅಷ್ಟರಲ್ಲಿ ಲ್ಯಾಪ್‌ಟಾಪೂ ಇರಬೇಕು, ಚಾರ್ಜರೂ ಇರಬೇಕು, ಚೀಲದ ಸ್ವಂತ ತೂಕವೂ ಸೇರಬೇಕು. ಆದ್ದರಿಂದ ದಿನವೂ ಬಸ್ಸಿನಲ್ಲಿ ಓಡಾಡುವವರು ಒಂದೂವರೆ ಕಿಲೋದೊಳಗಿನ ಲ್ಯಾಪ್‌ಟಾಪ್ ನೋಡುವುದು ಒಳ್ಳೆಯದು. ಹಾಸ್ಟೆಲಿನಲ್ಲಿದ್ದು ವಾರಕ್ಕೋ ತಿಂಗಳಿಗೋ ಒಮ್ಮೆ ಊರಿಗೆ ಬರುವವರಿಗೆ ಈ ಕಟ್ಟುನಿಟ್ಟು ಬೇಡ. ಅವರು ದೊಡ್ಡ ಪರದೆಯದನ್ನೇ ಕೊಂಡರೆ ಕಣ್ಣಿಗೆ ಹಿತ, ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ದಿನದ ತೂಕ

ಇನ್ನು ಎರಡನೆಯ ತಕ್ಕಡಿ. ಇಲ್ಲಿ ಸ್ವಲ್ಪ ಭೌತವಿಜ್ಞಾನ ಬೇಕು, ಹೆದರಬೇಡಿ. ಬ್ಯಾಟರಿಯಲ್ಲಿ ತುಂಬಿದ ಶಕ್ತಿಯನ್ನು ‘ವ್ಯಾಟ್-ಅವರ್’ ಎಂಬ ಮಾನದಲ್ಲಿ ಹೇಳುತ್ತಾರೆ. ಕೆಲವೆಡೆ ಮಿಲಿಆಂಪಿಯರ್-ಅವರ್ ಮಾತ್ರ ಅಚ್ಚಾಗಿರುತ್ತದೆ. ಅದನ್ನು ವೋಲ್ಟೇಜಿನಿಂದ ಗುಣಿಸಿ ಸಾವಿರದಿಂದ ಭಾಗಿಸಿ. 11.4 ವೋಲ್ಟಿನ 4,400 ಮಿಲಿಆಂಪಿಯರ್-ಅವರ್ ಬ್ಯಾಟರಿ ಎಂದರೆ ಸುಮಾರು 50 ವ್ಯಾಟ್-ಅವರ್. ಬರವಣಿಗೆ, ಓದು, ಅಂತರಜಾಲದಂಥ ಸಣ್ಣ ಕೆಲಸಗಳಿಗೆ ಲ್ಯಾಪ್‌ಟಾಪ್ 9–10 ವ್ಯಾಟ್ ಬಳಸುತ್ತದೆ ಎಂದುಕೊಂಡರೆ, ಈ ಬ್ಯಾಟರಿ ಸುಮಾರು ಐದು ಗಂಟೆ ಬರುತ್ತದೆ.

ತೂಕ ಇಳಿಸಲು ತಯಾರಕರಿಗೆ ಇರುವ ಒಂದು ಸುಲಭದ ದಾರಿ ಬ್ಯಾಟರಿಯನ್ನೇ ಚಿಕ್ಕದು ಮಾಡುವುದು. 54 ವ್ಯಾಟ್-ಅವರ್ ಬದಲು 36ರ ಬ್ಯಾಟರಿ ಇಟ್ಟರೆ ನೂರು ಗ್ರಾಂನಷ್ಟು ಉಳಿತಾಯವಾದೀತು. ಆದರೆ 9 ವ್ಯಾಟಿನ ಲೆಕ್ಕದಲ್ಲಿ ಆರು ಗಂಟೆ ಬರಬೇಕಾದದ್ದು ನಾಲ್ಕಕ್ಕೇ ಮುಗಿಯುತ್ತದೆ. ಮಧ್ಯಾಹ್ನಕ್ಕೇ ಪರದೆ ಕಪ್ಪಾದರೆ ಏನು ಮಾಡುವುದು? ಇನ್ನೂರರಿಂದ ಮುನ್ನೂರು ಗ್ರಾಂ ತೂಕದ ಚಾರ್ಜರನ್ನು ದಿನವೂ ಹೊರಬೇಕು! ನೂರು ಗ್ರಾಂ ಇಳಿಸಿ ಮುನ್ನೂರು ಗ್ರಾಂ ಏರಿಸಿದಂತಾಯಿತು. ಚಾರ್ಜರನ್ನು ಮನೆಯಲ್ಲೇ ಬಿಟ್ಟು ಹೋಗಲು ಸಾಧ್ಯವಾದ ಲ್ಯಾಪ್‌ಟಾಪೇ ನಿಜವಾದ ಹಗುರ ಲ್ಯಾಪ್‌ಟಾಪ್. ಆದ್ದರಿಂದ ತೂಕ ಕೇಳಿದ ಮೇಲೆ ಎರಡನೆಯ ಪ್ರಶ್ನೆ ‘ಬ್ಯಾಟರಿ ಎಷ್ಟು ವ್ಯಾಟ್-ಅವರ್?’ ಎಂದಿರಲಿ. 50ರ ಆಸುಪಾಸು ಇದ್ದರೆ ಒಳ್ಳೆಯದು.

ವಿದ್ಯುತ್ ಖರ್ಚಿನ ಬಗ್ಗೆ ಚಿಂತೆ ಬೇಡ. ಮೀಟರಿನ ಒಂದು ಯೂನಿಟ್ ಎಂದರೆ 1,000 ವ್ಯಾಟ್-ಅವರ್. ನಷ್ಟ ಕಳೆದರೂ 50ರ ಬ್ಯಾಟರಿಯನ್ನು ಅದರಲ್ಲಿ ಹದಿನೈದು ಸಲವಾದರೂ ತುಂಬಿಸಬಹುದು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯಲ್ಲಿ ಹರಡಿದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅಂಥ ತಾಲ್ಲೂಕಿನಲ್ಲೂ ಗಾಳಿಮಳೆಗೆ ತಂತಿ ಹರಿದರೆ ಮನೆಯಲ್ಲಿ ಕತ್ತಲೆಯೇ. ಪರೀಕ್ಷೆಯ ಹಿಂದಿನ ರಾತ್ರಿ ಕೈಹಿಡಿಯುವುದು ತುಂಬಿದ ಬ್ಯಾಟರಿ.

ಲಿಥಿಯಂ ಬ್ಯಾಟರಿಗೆ ಬಿಸಿಲು ಶತ್ರು. ನಮ್ಮ ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನದಲ್ಲಿ ತಗಡಿನ ಸೂರಿನಡಿ, ಹಾಸಿಗೆಯ ಮೇಲಿಟ್ಟು ಚಾರ್ಜ್ ಮಾಡಿದರೆ ಅದರ ಆಯುಸ್ಸು ಬೇಗ ಕುಂದುತ್ತದೆ. ಮೇಜಿನ ಮೇಲೆ, ಗಾಳಿಯಾಡುವಲ್ಲಿ ಇಡಿ. ಬೆಳಗಿನ ಹೊತ್ತು ಚಾರ್ಜ್ ಮಾಡುವುದು ಇನ್ನೂ ಒಳ್ಳೆಯದು. ಹಗುರ ಲ್ಯಾಪ್‌ಟಾಪುಗಳಲ್ಲಿ ಅನೇಕವು ಲೋಹದ ಮೈಯವು. ಚಾರ್ಜಿಗೆ ಹಾಕಿ ಮುಟ್ಟಿದಾಗ ಕೈ ಜುಮ್ಮೆಂದರೆ ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವ ಸಾಹಸವಂತೂ ಬೇಡವೇ ಬೇಡ.

ಮನೆಯ ತೂಕ

ಮೂರನೆಯ ತಕ್ಕಡಿ ಪಾಲಕರದು. ಕಡಲೆಕಾಯಿ ಬೆಳೆ ಕೈಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಸೀಮೆ ನಮ್ಮದು. ಒಂದೂವರೆ ಕಿಲೋದ ಸಾಮಾನ್ಯ ಲ್ಯಾಪ್‌ಟಾಪಿಗೂ ಒಂದು ಕಿಲೋದ ದುಬಾರಿ ಲ್ಯಾಪ್‌ಟಾಪಿಗೂ ಬೆಲೆಯಲ್ಲಿ ನಲವತ್ತು ಸಾವಿರ ರೂಪಾಯಿ ವ್ಯತ್ಯಾಸವಿದೆ ಎಂದುಕೊಳ್ಳಿ. ಇಳಿದದ್ದು 500 ಗ್ರಾಂ. ಅಂದರೆ ಪ್ರತಿ ಗ್ರಾಂಗೆ 80 ರೂಪಾಯಿ ತೆತ್ತಂತೆ! ಮಗಳ ಹೆಗಲಿನಿಂದ ಅರ್ಧ ಕಿಲೋ ಇಳಿಸಿ ಅಪ್ಪನ ಹೆಗಲಿಗೆ ಸಾಲ ಏರಿಸುವುದು ಜಾಣತನವೇ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಒಪ್ಪುತ್ತದೆ.

ಹಾಗೆಂದು ತೀರಾ ಅಗ್ಗದ ಹಗುರವನ್ನೂ ನಂಬಬೇಡಿ. ಬರೀ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹದ ಪುಟ್ಟ ಲ್ಯಾಪ್‌ಟಾಪುಗಳಿವೆ. ನೋಡಲು ಮುದ್ದಾಗಿರುತ್ತವೆ, ತೂಕವೂ ಕಡಿಮೆ. ಆದರೆ ವಿಂಡೋಸ್ ಮತ್ತು ಅದರ ಅಪ್‌ಡೇಟುಗಳೇ ಜಾಗವನ್ನೆಲ್ಲ ನುಂಗಿ, ಕೆಲವೇ ತಿಂಗಳಲ್ಲಿ ಯಂತ್ರ ತೆವಳತೊಡಗುತ್ತದೆ. 8 ಜಿಬಿ ರ‍್ಯಾಮ್, 256 ಜಿಬಿಯಾದರೂ ಎಸ್‌ಎಸ್‌ಡಿ ಇರಲಿ. ನಾಲ್ಕು ವರ್ಷದ ಕೋರ್ಸಿಗಾದರೆ 16 ಮತ್ತು 512 ಇನ್ನೂ ಮೇಲು. ತೆಳ್ಳಗಿನ ಅನೇಕ ಮಾದರಿಗಳಲ್ಲಿ ರ‍್ಯಾಮನ್ನು ಒಳಗಿನ ಫಲಕಕ್ಕೇ ಬೆಸೆದಿರುತ್ತಾರೆ. ಮುಂದೆ ಹೆಚ್ಚಿಸಿಕೊಳ್ಳಲು ಬರುವುದಿಲ್ಲ. ‘ರ‍್ಯಾಮ್ ಸೇರಿಸಬಹುದೇ? ಬ್ಯಾಟರಿ ಬದಲಿಸಬಹುದೇ?’ ಎಂಬ ಪ್ರಶ್ನೆಗಳನ್ನು ದುಡ್ಡು ಕೊಡುವ ಮುಂಚೆಯೇ ಕೇಳಿ.

ಹಳೆಯದನ್ನು ಕೊಳ್ಳುವವರಿಗೆ ಒಂದು ಎಚ್ಚರಿಕೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳಲ್ಲಿ ಬಹುಪಾಲು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ‘ಐ5 ಇದೆ ಸಾರ್’ ಎಂದರೆ ಸಾಲದು, ಎಷ್ಟನೆಯ ಪೀಳಿಗೆ ಎಂದು ಕೇಳಿ. ಹಳೆಯ ಯಂತ್ರವೇ ಮನೆಯಲ್ಲಿದ್ದರೆ ಉಚಿತವಾದ ಲಿನಕ್ಸ್ ಹಾಕಿಸಿಕೊಂಡು ಬರವಣಿಗೆ, ಪ್ರೋಗ್ರಾಮಿಂಗ್ ಕಲಿಕೆಗೆ ಚೆನ್ನಾಗಿ ಬಳಸಬಹುದು. ಅದರಲ್ಲೂ ವಿಂಡೋಸಿನಲ್ಲೂ ಕನ್ನಡ ಕೀಲಿಮಣೆ ಇರುವುದರಿಂದ ಕನ್ನಡಕ್ಕೆಂದು ಬೇರೆ ಯಂತ್ರ ಹುಡುಕಬೇಕಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ ಉಚಿತವಾಗಿಯೇ ಸಿಗುತ್ತದೆ.

ಸಾಲ ಅನಿವಾರ್ಯವಾದರೆ ಕಂತಿನ ಅಂಗಡಿಗೆ ಹೋಗುವ ಮೊದಲು ಬ್ಯಾಂಕಿನಲ್ಲಿ ವಿಚಾರಿಸಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸಿಗೆ ಅಗತ್ಯವಿದ್ದರೆ ಕಂಪ್ಯೂಟರಿನ ವೆಚ್ಚವನ್ನೂ ಸೇರಿಸಲು ಅವಕಾಶವಿದೆ. ಫೀಸಿಗೆಂದು ಹೇಗೂ ಸಾಲ ತೆಗೆಯುವವರು ಇದನ್ನು ಅರ್ಜಿ ಹಾಕುವಾಗಲೇ ಕೇಳಬೇಕು.

ಅಂಗಡಿಯಲ್ಲಿ

ತೆರೆದು ತೋರಿಸಿದ ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದು ನೋಡಿ. ಮುಚ್ಚಳವನ್ನು ನಾಲ್ಕಾರು ಸಲ ತೆಗೆದು ಮುಚ್ಚಿ, ಕೀಲು ಗಟ್ಟಿಯಾಗಿದೆಯೇ ಗಮನಿಸಿ. ಬಸ್ಸಿನ ಕುಲುಕಾಟದಲ್ಲಿ ಪೆಟ್ಟು ತಿನ್ನುವುದು ಕೀಲು ಮತ್ತು ಪರದೆ. ಅಂಗಡಿಯವರು ಒಪ್ಪಿದರೆ ಚಾರ್ಜರನ್ನೂ ಸೇರಿಸಿ ತಕ್ಕಡಿಗೆ ಇಡಿ, ನಾಚಿಕೆ ಬೇಡ. ಕಂಪನಿಯ ಸೇವಾ ಕೇಂದ್ರ ಎಲ್ಲಿದೆ, ಕೆಟ್ಟರೆ ಮನೆಗೇ ಬಂದು ನೋಡುತ್ತಾರೋ ನಾವೇ ಹೊತ್ತೊಯ್ಯಬೇಕೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಪಾವಗಡದವರಿಗೆ ತುಮಕೂರಿಗೆ ಒಂದು ಸಲ ಹೋಗಿಬರುವುದೆಂದರೆ ಒಂದು ದಿನದ ಕೂಲಿ, ಒಂದು ದಿನದ ಪಾಠ ಎರಡೂ ಹೋದಂತೆ. ಜಿಎಸ್‌ಟಿ ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿನ ಸೀರಿಯಲ್ ನಂಬರು ಲ್ಯಾಪ್‌ಟಾಪಿನ ಅಡಿಯಲ್ಲಿರುವ ನಂಬರಿಗೆ ತಾಳೆಯಾಗಬೇಕು.

ಕೊಂಡ ಮೇಲೆ ಎರಡೂ ಪಟ್ಟಿಯ ಚೀಲದಲ್ಲಿ, ಬೆನ್ನಿಗೆ ಹತ್ತಿರವಿರುವ ಅರೆಯಲ್ಲಿ ಇಡಿ. ಭಾರ ಬೆನ್ನಿಗೆ ಹತ್ತಿರವಾದಷ್ಟೂ ಹಿಂದಕ್ಕೆ ಎಳೆಯುವ ಬಲ ಕಡಿಮೆ. ಸನ್ನೆಕೋಲಿನ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನೀರಿನ ಬಾಟಲಿ ಹೊರಗಿನ ಜೇಬಿನಲ್ಲೇ ಇರಲಿ.

ಹೆಗಲಿಗೆ ಒಂದೂವರೆ ಕಿಲೋ, ದಿನಕ್ಕೆ ಐದಾರು ಗಂಟೆ, ಮನೆಗೆ ತೀರಿಸಲಾಗುವಷ್ಟು ಬೆಲೆ. ಈ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ತಂದೆ ಮಕ್ಕಳು ಜೊತೆಯಾಗಿ ಅಂಗಡಿಗೆ ಹೋಗಲಿ. ಅಲ್ಲಿನ ಥಳಕಿನ ಮಾತಿಗಿಂತ ಆ ಚೀಟಿಯನ್ನೇ ಹೆಚ್ಚು ನಂಬಲಿ.