ಚಾಮುಂಡಿಬೆಟ್ಟವು ಅಗ್ನಿಪರ್ವತವೇ?

ಬೆನ್ನಿಗೆ ಚೀಲ ಬಿಗಿದು ಚಾಮುಂಡಿಬೆಟ್ಟವನ್ನೇರುವಾಗ, ಇದು ಆರಿದ ಅಗ್ನಿಪರ್ವತವೇ ಎಂಬ ಪ್ರಶ್ನೆ ನಮ್ಮಲ್ಲಿ ಹಲವರಿಗೆ ಮೂಡುವುದುಂಟು. ಉತ್ತರವು ಕಲ್ಲಿನಲ್ಲಿಯೇ ಇದೆ. ಬೆಟ್ಟದ ಗ್ರಾನೈಟಿನ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಶಿಲಾರಸವು ಭೂಗರ್ಭದಲ್ಲಿ ನಿಧಾನವಾಗಿ ತಣಿದಾಗ ಹರಳುಗಳು ಹೀಗೆ ಬೆಳೆಯುತ್ತವೆ. ಆದುದರಿಂದ ಇದು ಬೆಂಕಿಯುಗುಳಿದ ಬೆಟ್ಟವಲ್ಲ. ಮೇಲಿನ ಹೊದಿಕೆ ಸವೆದು ಬಯಲಾದ ಭೂಮಿಯ ಒಡಲು.

ನಿಜವಾದ ಲಾವಾಶಿಲೆಯನ್ನು ಕಾಣಲು ನಾವು ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರಿ ದ್ವೀಪಗಳಿಗೆ ಹೋಗಬೇಕು. ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದಲ್ಲಿ, ಅಲ್ಲಿ ಲಾವಾ ಹರಿಯಿತು. ಅದು ತಣಿಯುತ್ತ ಕುಗ್ಗಿ, ಬತ್ತಿದ ಕೆರೆಯ ಕೆಸರಿನಂತೆ ಬಿರಿದು, ಬಹುಭುಜ ಕಂಬಗಳಾಯಿತು. ಬೇಗ ತಣಿದುದರಿಂದ ಕಣಗಳು ಬಹುಪಾಲು ಸಣ್ಣವು. ತುಣುಕನ್ನು ಒಡೆದು ತರುವ ಆಸೆ ಮಾತ್ರ ಬೇಡ: ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಮುರಿದ ಕಂಬವು ಮತ್ತೆ ಬೆಳೆಯದು.